ಜೋಡಿ ಹುಟ್ಟು

ನಡುನೀರಿಗೆ ಬಂದಾಗ ಎಂಜಿನ್ ಎರಡು ಸಲ ಕೆಮ್ಮಿತು, ಒಮ್ಮೆ ಜೋರಾಗಿ ಮೊರೆಯಿತು, ಆಮೇಲೆ ಸುಮ್ಮನಾಯಿತು. ಬಡೇಸಾಬ ಹಗ್ಗ ಎಳೆದ. ಮತ್ತೆ ಎಳೆದ. ದೋಣಿಯ ಹಿಂಬದಿಗೆ ಆ ಎಂಜಿನ್ ಸಿಕ್ಕಿಸಿಕೊಂಡು ಹದಿನಾಲ್ಕು ವರ್ಷದಿಂದ ಸವದತ್ತಿಯ ಹಿನ್ನೀರು ದಾಟಿಸುತ್ತಿದ್ದವನು ಅವನು. ‘ನನ್ನ ಎಂಜಿನ್ ಎರಡನೇ ಸಲ ಎಳಸಿಕೊಳ್ಳೂದಿಲ್ಲ’ ಎಂದು ಎರಡೂ ದಂಡೆಯಲ್ಲಿ ಹೇಳಿಕೊಂಡು ತಿರುಗಿದವನು. ಈಗ ಅಂಗೈ ಕೆಂಪಾಗುವವರೆಗೆ ಎಳೆದರೂ ಅದು ಉಸಿರೆತ್ತಲಿಲ್ಲ.

“ಕಾಕಾ, ಎಂಟೂವರಿ ಬಸ್ಸು ತಪ್ಪಿದ್ರ ಬೆಳಗಾವಿಗೆ ವ್ಯಾಳ್ಯಾಕ್ಕ ಮುಟ್ಟೂದಿಲ್ಲ,” ಎಂದಳು ದೋಣಿಯ ನಡುವೆ ಕುಳಿತಿದ್ದ ಶರ್ವರಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲನ್ನು ಎದೆಗೆ ಅವಚಿಕೊಂಡಿದ್ದಳು. ಮಾಸ್ತರಕಿ ನೌಕರಿಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. “ಮೂಲ ಸರ್ಟಿಫಿಕೇಟ್ ತೋರಿಸ್ಲಿಕ್ಕೆ ಇವತ್ತ ಕಡೀ ದಿವಸ ಅದರಿ.”

“ಈಗ ಚಾಲೂ ಆಗ್ತೈತಿ, ತಡಿ ತಂಗಿ.” ಬಡೇಸಾಬ ಪ್ಲಗ್ ಬಿಚ್ಚಿ ಲುಂಗಿಗೆ ಒರೆಸಿ ಮತ್ತೆ ಹಾಕಿದ. ಟಾಕಿಯಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು. ಮಳೆಗಾಲಕ್ಕೆ ಮುಂಚೆ ತುಂಬಿಸಿದ್ದು. ಹಿನ್ನೀರು ಏರಿ ಎರಡು ತಿಂಗಳು ದೋಣಿ ಕಟ್ಟಿಹಾಕಿದಾಗ ಹಾಗೇ ಉಳಿದಿತ್ತು. ಇವತ್ತೇ ಮೊದಲ ಸಲ ನೀರಿಗಿಳಿಸಿದ್ದ. ಗಾಳಿ ದೋಣಿಯನ್ನು ಅಡ್ಡ ತಿರುಗಿಸಿ, ನೀರಲ್ಲಿ ಅರ್ಧ ಮುಳುಗಿದ ಜಾಲಿಗಿಡಗಳ ಕಡೆಗೆ ಒಯ್ಯುತ್ತಿತ್ತು.

ಮುಂದಿನ ತುದಿಯಲ್ಲಿ ಕುಳಿತಿದ್ದ ಅವನ ಹೆಂಡತಿ ಅಜೀಜಾಬಿ ಎದ್ದಳು. ಸವದತ್ತಿ ಸಂತೆಗೆಂದು ಹೊರಟವಳು. ದೋಣಿಯ ಅಂಚಿಗೆ ಕಟ್ಟಿದ್ದ ಎರಡು ಹುಟ್ಟುಗಳ ಹಗ್ಗ ಬಿಚ್ಚಿ ಒಂದನ್ನು ತಾನು ಹಿಡಿದು ಕುಳಿತಳು.

“ಬರ್ರಿ ಈ ಕಡೆ.”

“ಇನ್ನೊಂದ ಸಲ ಎಳದ ನೋಡ್ತೇನಿ.”

“ನಾ ಎಣಿಸೇನಿ. ಹನ್ನೊಂದ ಸಲ ಎಳದ್ರಿ. ಆ ಹುಡಗಿ ಮಾರಿ ನೋಡ್ರಿ ಒಂದೀಟು.”

ಬಡೇಸಾಬ ಶರ್ವರಿಯ ಮುಖ ನೋಡಿದ. ಹಗ್ಗ ಬಿಟ್ಟು ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತು ಇನ್ನೊಂದು ಹುಟ್ಟು ಹಿಡಿದ. ಮೊದಲ ಹತ್ತು ಏಟು ತಾಳ ಕೂಡಲಿಲ್ಲ. ದೋಣಿ ಕುಡಿದವನ ಹಾಗೆ ಅತ್ತಿತ್ತ ಹೋಯಿತು. ಆಗ ಅಜೀಜಾಬಿ “ಹೂಂ” ಎಂದಳು. ಒಂದು ಏಟಿಗೆ ಒಂದು “ಹೂಂ.” ಅವನ ತೋಳು ತನ್ನಷ್ಟಕ್ಕೆ ಆ ದನಿಯನ್ನು ಹಿಡಿಯಿತು. ದೋಣಿ ನೆಟ್ಟಗಾಯಿತು.

ಮದುವೆಯಾದ ಮರುವರ್ಷದಿಂದ ಎಂಜಿನ್ ಬರುವವರೆಗೂ ಅವರಿಬ್ಬರು ಹೀಗೇ ದೋಣಿ ನಡೆಸಿದ್ದರು. ಆಡು, ಶೇಂಗಾದ ಚೀಲ, ತವರಿಗೆ ಹೊರಟ ಹೆಣ್ಣುಮಕ್ಕಳು ಎಲ್ಲ ಈ ಹುಟ್ಟಿನ ಮೇಲೆಯೇ ದಾಟಿದ್ದು. ದಾಟಲು ಮುಕ್ಕಾಲು ತಾಸು ಹಿಡಿಯುತ್ತಿತ್ತು. ಅಷ್ಟರಲ್ಲಿ ಎರಡು ದಂಡೆಯ ಸುದ್ದಿಯೆಲ್ಲ ಅಜೀಜಾಬಿಯ ಕಿವಿಗೆ ಬಿದ್ದಿರುತ್ತಿತ್ತು. ಯಾರ ಎಮ್ಮೆ ಈದಿದೆ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ ಅವಳಿಗೆ ಗೊತ್ತು. ಎಂಜಿನ್ ಬಂದ ಮೇಲೆ ಆ ಸದ್ದಿನಲ್ಲಿ ದೋಣಿಯೊಳಗೆ ಯಾರೂ ಮಾತಾಡುತ್ತಿರಲಿಲ್ಲ.

“ಈ ಹೂಂಕಾರ ಇನ್ನೂ ನೆನಪೈತೇನು ನಿನಗ?” ಎಂದ ಬಡೇಸಾಬ, ಏದುಸಿರಿನ ನಡುವೆ.

“ನಾ ಯಾವಾಗ ಮರತಿದ್ದೆ? ಎಂಜಿನ್ ತಂದ ದಿವಸ ನೀವ ಅಂದ್ರಿ, ಇನ್ನ ಮನಿಯಾಗ ಆರಾಮ ಇರು ಅಂತ. ಇದ್ದೆ.”

ಅವನು ಪ್ರೀತಿಯಿಂದಲೇ ಹೇಳಿದ್ದ ಮಾತು ಅದು. ಅವಳಿಗೆ ಏನೋ ದೊಡ್ಡದು ಕೊಟ್ಟೆನೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಹುಟ್ಟನ್ನು ಇನ್ನಷ್ಟು ಆಳಕ್ಕೆ ಹಾಕಿ ಎಳೆದ.

ದಂಡೆ ತಾಗುತ್ತಲೇ ಶರ್ವರಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಹಾರಿದಳು. ಮೇಲಿನ ರಸ್ತೆಯಲ್ಲಿ ಕೆಂಪು ಬಸ್ಸು ಆಗಲೇ ತಿರುವಿಗೆ ಬಂದಿತ್ತು. ಅವಳು ಕೈ ಬೀಸುತ್ತ ಏರಿ ಹತ್ತಿ ಓಡಿದಳು. ಬಸ್ಸು ಅವಳನ್ನು ದಾಟಿ ಒಂದಿಷ್ಟು ಮುಂದೆ ಹೋಗಿ ನಿಂತಿತು. ಅವಳು ಹತ್ತಿದ್ದು ಕಂಡಮೇಲೆಯೇ ಇಬ್ಬರೂ ಹುಟ್ಟು ಕೆಳಗಿಟ್ಟರು.

ಟಂಟಂ ರಿಕ್ಷಾದಲ್ಲಿ ಎಂಜಿನ್ ಹೇರಿಕೊಂಡು ಅವರು ಸವದತ್ತಿಯ ಅಲ್ತಮಶನ ಗ್ಯಾರೇಜಿಗೆ ಹೋದರು. ಅವನು ಟಾಕಿಯ ತಳದಲ್ಲಿದ್ದುದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದ. ಮೇಲೆ ಪೆಟ್ರೋಲ್, ಕೆಳಗೆ ಮಬ್ಬು ನೀರಿನಂಥದು, ನಡುವೆ ಗೆರೆ ಎಳೆದ ಹಾಗೆ.

“ಈಗ ಪೆಟ್ರೋಲಿನ್ಯಾಗ ಕಬ್ಬಿನ ಸ್ಪಿರಿಟ್ ಬೆರಸ್ತಾರ್ರಿ ಚಾಚಾ. ದಿನಾ ಓಡೂ ಗಾಡಿಗೆ ಗೊತ್ತಾಗೂದಿಲ್ಲ. ನಿಂತಲ್ಲೇ ನಿಂತ ಗಾಡಿ, ನೀರ ಮ್ಯಾಲಿನ ಎಂಜಿನ್, ಇವಕ್ಕ ತ್ರಾಸ. ಸ್ಪಿರಿಟ್ ಥಂಡಿ ಗಾಳಿಯೊಳಗಿನ ನೀರ ಎಳಕೋತೈತಿ. ನೀರ ಹೆಚ್ಚಾತಂದ್ರ ಎರಡೂ ಕೂಡಿ ಪೆಟ್ರೋಲ್ ಬಿಟ್ಟು ತಳಕ್ಕ ಕುಂಡರತಾವು. ನಿಮ್ಮ ಎಂಜಿನ್ ಅದನ್ನ ಕುಡದೈತಿ.” ರಬ್ಬರ್ ಪೈಪನ್ನು ಹಿಸುಕಿದ. ಬೆರಳಿಗೆ ಕರೀ ಅಂಟು ಹತ್ತಿತು. “ಹಳೇ ಕಾಲದ ರಬ್ಬರ. ಇದನ್ನೂ ತಿಂದ ಹಾಕೈತಿ ನೋಡ್ರಿ.”

“ಆಗಿನ ಪೆಟ್ರೋಲ್ ವರ್ಷ ಇಟ್ರೂ ಹಿಂಗ ಮಾಡತಿರಲಿಲ್ಲೋ,” ಎಂದ ಬಡೇಸಾಬ.

“ಆಗಿಂದ ಈಗ ಎಲ್ಲಿ ತರೂದ್ರಿ? ಮಳಿಗಾಲದಾಗ ಟಾಕಿ ಬರಿದು ಮಾಡಿ ಇಡ್ರಿ, ಅಷ್ಟ. ಈಗ ಎಲ್ಲಾ ಬಿಚ್ಚಿ ತೊಳೀಬೇಕು, ಪೈಪ್ ಹುಬ್ಬಳ್ಳಿಯಿಂದ ತರಸಬೇಕು. ಎರಡ ದಿವಸರೇ ಬೇಕ್ರಿ.”

ಬಡೇಸಾಬ ಹೆಂಡತಿಯ ಕಡೆ ನೋಡಿದ. ಅಜೀಜಾಬಿ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತು, ಅಂಗೈಯಲ್ಲಿ ಎದ್ದ ಬೊಕ್ಕೆಗೆ ಉಫ್ ಎಂದು ಊದಿಕೊಳ್ಳುತ್ತಿದ್ದಳು.

“ನಾಕ ದಿವಸ ತಗೊಳ್ಳಪಾ ಅಲ್ತಮಶ,” ಎಂದಳು ತಲೆಯೆತ್ತದೆ. “ಅವಸರೇನಿಲ್ಲ.”