ಮೂಲೆ ಮೇಜಿನ ಗಿರಾಕಿ

"ಏಳು, ಏಳು. ಅದು ನನ್ನ ಜಾಗ," ಎಂದು ಮರ್ವಿನ್ ತನ್ನ ಆಟದ ಪೆಟ್ಟಿಗೆಯನ್ನು ಹೀಟರ್ ಪಕ್ಕದ ಮೂಲೆ ಮೇಜಿನ ಮೇಲೆ ದೊಪ್ಪನೆ ಇಟ್ಟ. ಹರಡಿದ್ದ ಮರದ ಪುಟ್ಟ ಹಡಗುಗಳು ನೆಲಕ್ಕುರುಳಿದವು. ಇನ್ನಿಬ್ಬರು ಹೊಸಬರೊಂದಿಗೆ ಆಡುತ್ತಿದ್ದ ಮಾರಿಸೆಲ್ ಗಾಬರಿಯಿಂದ ಎದ್ದು ನಿಂತಳು. ಅವಳು ಮನಿಲಾದಿಂದ ಈ ಲಾನ್ಸೆಸ್ಟನ್ ಊರಿನ ಆಸ್ಪತ್ರೆಗೆ ನರ್ಸಾಗಿ ಬಂದು ಒಂದು ತಿಂಗಳಾಗಿತ್ತಷ್ಟೆ. ಮೇಜಿನ ಮೇಲಾಡುವ ಆಟಗಳನ್ನು ಮಾರುವ, ಅಲ್ಲೇ ಕೂತು ಆಡಲೂ ಬಿಡುವ ಈ ಅಂಗಡಿಯಲ್ಲಿ ಶನಿವಾರ ಮಾತಿಗೆ ಯಾರಾದರೂ ಸಿಕ್ಕಾರು ಎಂದು ಬಂದಿದ್ದಳು.

"ನಾಲ್ಕು ವರ್ಷದಿಂದ ಇಲ್ಲಿ ನಾನೇ ಕೂರೋದು. ಲೋರ್ನಾ, ಇವ್ರನ್ನ ಬಾಗಿಲ ಹತ್ರ ಕಳ್ಸು. ಹಂಗೇ ನನ್ ಕಾಫಿ!"

ಅಂಗಡಿಗೆ ಬರುವ ದುಬಾರಿ ಆಟಗಳನ್ನೆಲ್ಲ ಕೊಳ್ಳುವವನು ಮರ್ವಿನ್ ಒಬ್ಬನೇ. ಅವನ ಮುಲಾಜಿಗೆ ಅಂಗಡಿಯ ಒಡತಿ ಲೋರ್ನಾ ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದಳು. ಆದರೆ ಮಾರಿಸೆಲ್ ತನ್ನದೇ ತಪ್ಪೆಂಬಂತೆ "ಸಾರಿ, ಸಾರಿ" ಎನ್ನುತ್ತ ಮಂಡಿಯೂರಿ ಹಡಗುಗಳನ್ನು ಆರಿಸತೊಡಗಿದಾಗ ಲೋರ್ನಾಳಿಗೆ ತಡೆಯಲಾಗಲಿಲ್ಲ.

"ಮರ್ವಿನ್, ಅವ್ರ ಕ್ಷಮೆ ಕೇಳು. ಇಲ್ಲಾಂದ್ರೆ ಹೊರಡು."

"ಈ ಅಂಗಡಿ ಯಾರಿಂದ ನಡೀತಿದೆ ಅನ್ನೋದು ಮರ್ತೋಯ್ತಾ?"

"ಮರ್ತಿಲ್ಲ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಈಗ ನಾಚಿಕೆ ಆಗ್ತಿದೆ."

ಅವನು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಲೋರ್ನಾ ಕೂಡ ಮಂಡಿಯೂರಿದಳು. ಒಂದು ಹಡಗು ಹೀಟರಿನ ಹಿಂದೆ ಸಿಕ್ಕಿತು.

ಮುಂದಿನ ಎರಡು ಶನಿವಾರ ಅವನ ಸುಳಿವಿಲ್ಲ. ಅವನು ಹೇಳಿದ್ದನೆಂದು ತರಿಸಿದ ದೊಡ್ಡ ಆಟಗಳು ಕಪಾಟಿನಲ್ಲೇ ಉಳಿದವು. ತಾನು ಅವನಿಗೆ ಹೇಳಿದ ಮಾತಿಗೆ ಲೋರ್ನಾ ಪಶ್ಚಾತ್ತಾಪ ಪಡಲಿಲ್ಲ, ಆದರೆ ಅಂಗಡಿ ಹೇಗೆ ನಡೆದೀತೆಂಬ ದಿಗಿಲಂತೂ ಇತ್ತು.

ಮೂರನೆಯ ಶನಿವಾರ ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ. ಲೋರ್ನಾಳತ್ತ ನೋಡದೆ ನೇರ ಮೂಲೆ ಮೇಜಿನಲ್ಲಿ ಕೂತಿದ್ದ ಮಾರಿಸೆಲ್ ಮುಂದೆ ಹೋಗಿ ನಿಂತ. ಅಂಗಡಿಯಲ್ಲಿ ದಾಳ ಉರುಳುವ ಸದ್ದೂ ನಿಂತಿತು.

"ಅವತ್ತು ನಾನು ಮಾಡಿದ್ದು ತಪ್ಪು," ಎಂದ, ನೆಲ ನೋಡುತ್ತ. ಆಮೇಲೆ, "ಎರಡು ವಾರ ಮನೇಲಿ ಒಬ್ನೇ ಆಡ್ದೆ. ಎರಡೂ ಕಡೆ ನಾನೇ. ಗೆದ್ರೂ ಯಾರೂ ಬಯ್ಯಲ್ಲ," ಎಂದ.

ಮಾರಿಸೆಲ್‌ಗೆ ನಗು ಬಂತು. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟು ತೆಗೆದಳು. "ಬನ್ನಿ, ಕೂತ್ಕೊಳ್ಳಿ. ಇದು ಹಡಗಿನಾಟ. ಭಯ ಪಡ್ಬೇಡಿ, ನಾನ್ ಹೇಳ್ಕೊಡ್ತೀನಿ."

ಗಲ್ಲಾ ಹಿಂದೆ ಲೋರ್ನಾ ಥಟ್ಟನೆ ತಲೆಯೆತ್ತಿ ನೋಡಿದಳು. ಈ ಊರಿಗೆ ಆ ಆಟ ಕಲಿಸಿದವನೇ ಮರ್ವಿನ್. ಅದರ ಒಂದೊಂದು ನಿಯಮವೂ ಅವನಿಗೆ ಬಾಯಿಪಾಠ.

ಮರ್ವಿನ್ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತ.

"ಹೇಳ್ಕೊಡಿ," ಎಂದ. "ಮೊದ್ಲು ಯಾವ ಹಡಗು ನಡೆಸ್ಬೇಕು?"