ಕೆಂಪು ಚೀಟಿ

ಕಾಲೇಜಿನ ಪ್ರವೇಶ ಕೊಠಡಿಗೆ ಕಾಲಿಟ್ಟ ಅಕ್ಕನಿಗೆ ಮೊದಲು ಎದುರಾದದ್ದು ಅವಳದೇ ಮುಖ. ಆಳೆತ್ತರದ ಫಲಕದಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ಹಲ್ಲು ಬಿಡುತ್ತ ನಿಂತಿದ್ದಳು. ಕೆಳಗೆ ‘ಎರಡೇ ವರ್ಷದ ಎಲೆಕ್ಟ್ರಿಕಲ್ ಕೋರ್ಸ್. ನಮ್ಮ ವಿದ್ಯಾರ್ಥಿನಿಯ ತಿಂಗಳ ಸಂಪಾದನೆ ನೋಡಿ’ ಎಂದು ಬರೆದು, ಅಂಗೈಯಗಲದ ಅಂಕಿ ಹಾಕಿದ್ದರು. ಅವಳು ತಿಂಗಳಿಗೆ ತರುವುದು ಅದರಲ್ಲಿ ಅರ್ಧ.

“ನಿನ್ನ ಫೋಟೋ ನೋಡೇ ನಂಗೆ ಧೈರ್ಯ ಬಂದಿದ್ದು,” ಎಂದಳು ಅಲ್ಲೇ ಕಾಯುತ್ತಿದ್ದ ತಂಗಿ. “ನೀನು ಜಾಮೀನು ಸೈನ್ ಹಾಕಿದ್ರೆ ಸಾಲ ಇವತ್ತೇ ಮಂಜೂರಂತೆ.”

ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರ ಬಂದಿದ್ದ ಅಕ್ಕ, ಹೆಗಲ ಮೇಲಿನ ಉಪಕರಣದ ಚೀಲ ಇಳಿಸದೆಯೇ ಕುಳಿತಳು. ಮೇಜಿನಾಚೆಯ ಪ್ರವೇಶಾಧಿಕಾರಿ ಸಾಲದ ಅರ್ಜಿ ಬಿಡಿಸಿ, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಅವಳ ಮುಂದಿಟ್ಟ. ಗೋಡೆಯ ಬಳಿ ಕೆಟ್ಟ ಫ್ಯಾನಿನ ರೆಗ್ಯುಲೇಟರ್ ಬಿಚ್ಚುತ್ತಿದ್ದ ವರ್ಕ್‌ಶಾಪ್ ಮೇಷ್ಟ್ರು, ಹಳೆಯ ಶಿಷ್ಯೆಯನ್ನು ಕಂಡು ಕನ್ನಡಕದ ಮೇಲಿಂದ ನಕ್ಕರು.

“ಈ ಅಂಕಿ ಎಲ್ಲಿಂದ ಬಂತು?” ಅಕ್ಕ ಅಧಿಕಾರಿಯನ್ನು ಕೇಳಿದಳು.

“ನೀವೇ ಕೊಟ್ಟ ಸಂಬಳದ ಚೀಟಿಯಿಂದ ಮೇಡಂ. ಒಂದು ಸೊನ್ನೆ ಕೂಡ ನಾವು ಸೇರಿಸಿಲ್ಲ.”

ಸೇರಿಸಿರಲಿಲ್ಲ, ನಿಜ. ಮೈ ಉರಿಸುವ ಮಾತೇ ಅದು. ‘ದಾಖಲೆಗೆ ಬೇಕು’ ಎಂದು ಕಾಲೇಜು ಕೇಳಿದಾಗ ಅವಳು ಪಾಪದವಳ ಹಾಗೆ ವರ್ಷದ ಚೀಟಿಗಳನ್ನೆಲ್ಲ ಕಳಿಸಿದ್ದಳು. ಅದರಲ್ಲೊಂದು, ಕಾರ್ಖಾನೆಯ ಯಂತ್ರಗಳನ್ನು ನಿಲ್ಲಿಸಿ ಹಳೆಯ ಕೇಬಲ್ ಬದಲಿಸಿದ ತಿಂಗಳಿನದು. ಆ ತಿಂಗಳು ದುಪ್ಪಟ್ಟು ಓವರ್‌ಟೈಮ್ ದುಡ್ಡಿಗೆ ಪಾಳಿಯ ಮೇಲೆ ಪಾಳಿ ಮಾಡಿ, ಪ್ಯಾನೆಲ್ ರೂಮಿನಲ್ಲಿ ರಟ್ಟು ಹಾಸಿಕೊಂಡು ಮಲಗಿದ್ದಳು. ಮನೆಗೆ ಬಂದ ದಿನ ಊಟದ ತಟ್ಟೆಯ ಮುಂದೆಯೇ ತೂಕಡಿಸಿದ್ದನ್ನು ಕಂಡು ಇದೇ ತಂಗಿ ಬಿದ್ದು ಬಿದ್ದು ನಕ್ಕಿದ್ದಳು. ಅಷ್ಟು ಚೀಟಿಗಳಲ್ಲಿ ಸರಿಯಾಗಿ ಅದೊಂದನ್ನೇ ಹೆಕ್ಕಿದ ಪುಣ್ಯಾತ್ಮರ ಕಣ್ಣು ಎಷ್ಟು ಚುರುಕಿರಬೇಕು!

“ಉಳಿದ ತಿಂಗಳದ್ದೆಲ್ಲ ಎಲ್ಲೋಯ್ತು?”

“ಪೋಸ್ಟರ್ ಅಂದ್ಮೇಲೆ ಚೆನ್ನಾಗಿರೋದನ್ನ ತಾನೇ ಹಾಕೋದು ಮೇಡಂ? ಮದುವೆಗೆ ಹೋಗೋವಾಗ ಹರಿದ ಅಂಗಿ ಹಾಕ್ಕೊಂಡು ಹೋಗ್ತೀರಾ?”

“ಹೋಗಲ್ಲ. ಆದ್ರೆ ಬಾಡಿಗೆ ಅಂಗಿ ತೋರಿಸಿ ನಂದು ಅಂತ ಹೇಳಿ ಹೆಣ್ಣೂ ಕೇಳಲ್ಲ.”

ಮೇಷ್ಟ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅರೆಗಳಿಗೆ ನಿಂತಿತು. ಅಕ್ಕ ತಂಗಿಯ ಕಡೆ ತಿರುಗಿದಳು.

“ನೋಡು, ಓದು ಸುಳ್ಳಲ್ಲ. ಮೇಷ್ಟ್ರು ಕಲಿಸಿದ ಕೆಲಸದಿಂದಲೇ ನಾನು ಅನ್ನ ತಿಂತಿರೋದು. ಆದ್ರೆ ಬರೋ ಸಂಬಳದಲ್ಲಿ ಅರ್ಧ ಓದಿನ ಸಾಲದ ಕಂತಿಗೇ ಹೋಗತ್ತೆ. ಓದಿದ್ದು ಎರಡು ವರ್ಷ, ಕಟ್ಟೋದು ಇನ್ನೂ ಆರು ವರ್ಷ ಇದೆ. ದಿನಾ ಬಸ್ಸು ಬಿಟ್ಟು ನಡ್ಕೊಂಡು ಯಾಕೆ ಬರ್ತೀನಿ ಅಂದ್ಕೊಂಡಿದ್ದೆ?”

“ವ್ಯಾಯಾಮ ಅಂದಿದ್ದೆಯಲ್ಲ?”

“ಅಂದಿದ್ದೆ. ಏನ್ ಹೇಳ್ಲಿ ಮತ್ತೆ?”

ತಂಗಿಯ ಮುಖ ಸಣ್ಣಗಾಯಿತು. “ಹಾಗಾದ್ರೆ ನಾನು ಓದಲೇಬಾರದಾ ಅಕ್ಕಾ?”

“ಓದು. ಇವರು ಹೇಳಿದ ಫೀಸಿಗೆ, ಈ ಅಂಕಿ ನಂಬ್ಕೊಂಡು ಬೇಡ.”

“ಮನೆ ವಿಷಯ ಮನೇಲಿ ಮಾತಾಡ್ಕೊಳ್ಳಿ,” ಅಧಿಕಾರಿ ಗಡಿಯಾರ ನೋಡಿದ. “ಹೊರಗೆ ಜನ ಕಾಯ್ತಿದ್ದಾರೆ. ಸೈನ್ ಹಾಕ್ತೀರೋ ಇಲ್ವೋ?”

ಕಾಯುತ್ತಿದ್ದರು, ಹೌದು. ಬಾಗಿಲಾಚೆಯ ಬೆಂಚಿನ ತುಂಬ ಅಪ್ಪ ಅಮ್ಮಂದಿರು, ಪಕ್ಕದಲ್ಲಿ ಮಕ್ಕಳು. ಎಲ್ಲರ ಕಣ್ಣೂ ಆ ಹಳದಿ ಹೆಲ್ಮೆಟ್ಟಿನ ಮೇಲೆ. ಒಂದು ಮಾತು ಕೇಳದೆ ತನ್ನ ಮುಖವನ್ನು ಎತ್ತಿಕೊಂಡು ಹೋಗಿ, ಇಷ್ಟು ಜನರ ಮೂಗಿಗೆ ತುಪ್ಪ ಸವರಲು ಬಳಸಿದ್ದಾರೆ ಎಂದು ಅವಳಿಗೆ ಹೊಳೆಯಿತು. ಸೈನ್ ಹಾಕದೆ ಎದ್ದು ಹೋಗಿಬಿಡಬಹುದಿತ್ತು. ಹೋದರೆ ಆ ಮುಖ ಇಲ್ಲೇ ನಗುತ್ತ ನಿಂತಿರುತ್ತದೆ.

ಚೀಲಕ್ಕೆ ಕೈ ಹಾಕಿ ಕೆಂಪು ಚೀಟಿಯೊಂದನ್ನು ತೆಗೆದಳು. ಕಾರ್ಖಾನೆಯಲ್ಲಿ ತಂತಿ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ ಅದಕ್ಕೆ ಕಟ್ಟುವ ಚೀಟಿ ಅದು. ‘ಅಪಾಯ. ಸ್ವಿಚ್ ಹಾಕಬೇಡಿ. ನಾನು ಕೆಲಸದಲ್ಲಿದ್ದೇನೆ’ ಎಂಬ ಬರಹದ ಕೆಳಗೆ ಅವಳ ಇನ್ನೊಂದು ಫೋಟೋ, ನಗು ಇಲ್ಲದ್ದು. ಅದನ್ನು ಅಂಕಿಯ ಮೇಲೆ ಬೀಳುವಂತೆ ಫಲಕದ ಚೌಕಟ್ಟಿಗೆ ಬಿಗಿದು ಕಟ್ಟಿದಳು. ತಂಗಿ ಮೇಜಿನ ಮೇಲೆ ತಡಕಾಡಿ ಮುಚ್ಚಳ ಹುಡುಕಿ ಪೆನ್ನಿಗೆ ಹಾಕಿ ಮುಚ್ಚಿದಳು.

“ಏನ್ರೀ ಇದು!” ಅಧಿಕಾರಿ ಎದ್ದು ನಿಂತ. “ಮೇಷ್ಟ್ರೇ, ಕಿತ್ತು ಬಿಸಾಕಿ ಅದನ್ನ.”

ಮೇಷ್ಟ್ರು ಕಟಿಂಗ್ ಪ್ಲಯರ್ ಹಿಡಿದು ಫಲಕದ ತನಕ ಬಂದರು. ಚೀಟಿ ಓದಿದರು. ಗಂಟನ್ನು ಬೆರಳಿನಿಂದ ಜಗ್ಗಿ ನೋಡಿದರು, ಪರೀಕ್ಷೆಯ ದಿನ ನೋಡುತ್ತಿದ್ದ ಹಾಗೆಯೇ. ಒಮ್ಮೆ ಹೊರಗಿನ ಬೆಂಚಿನತ್ತ ಕಣ್ಣು ಹಾಯಿಸಿ, ಪ್ಲಯರನ್ನು ಜೇಬಿಗೆ ಹಾಕಿಕೊಂಡರು.

“ಆಗಲ್ಲ ಸಾರ್. ಅದನ್ನ ಹಾಕಿದವರೇ ತೆಗೀಬೇಕು. ಮೊದಲನೇ ದಿನ ನಾನು ಕಲಿಸೋ ಪಾಠ ಅದೇ. ಬೇರೆಯವರು ತೆಗೆದ್ರೆ, ಆ ಕಡೆ ಇರೋರು ಸಾಯ್ತಾರೆ.”