ಗೇಟಿನವರೆಗೆ

"ದೇವಕ್ಕಾ, ಓಡಾಕತ್ತೀಯೋ, ಗಳೆ ಹೊಡ್ಯಾಕತ್ತೀಯೋ? ಹಿಂದ ನೋಡು, ರೋಡಿನ ಮ್ಯಾಲ ಸಾಲ್ ಬಿದ್ದಾವ!"

ಮೋಟಾರ್ ಸೈಕಲ್ಲನ್ನು ಅವಳ ಪಕ್ಕದಲ್ಲೇ ನಿಧಾನವಾಗಿ ಬಿಡುತ್ತ ತಿರುಪತಿ ನಕ್ಕ. ದೇವಕಮ್ಮ ಓಡುತ್ತಲೇ ಇದ್ದಳು. ಬೈದರೆ ಉಸಿರು ಹೋಗುತ್ತದೆ. ಗೇಟು ಇನ್ನೂ ಒಂದು ಕಿಲೋಮೀಟರ್ ದೂರವಿತ್ತು.

ಕಡೇಚೂರಿನ ಹತ್ತಿರದ ಆ ಕಾರ್ಖಾನೆಯಲ್ಲಿ ಅಂದು ಸುರಕ್ಷತಾ ಸಪ್ತಾಹದ ಕೊನೆಯ ದಿನ. ಕಾರ್ಮಿಕರಿಗೆಂದೇ ಐದು ಕಿಲೋಮೀಟರ್ ಓಟ. ಒಂದು ತಾಸಿನೊಳಗೆ ಗೇಟು ಮುಟ್ಟಿದವರಿಗೆಲ್ಲ ಎರಡು ಬಾಳೆಹಣ್ಣು, ಒಂದು ಪ್ರಮಾಣಪತ್ರ. ದೇವಕಮ್ಮನಿಗೆ ಮಾತ್ರ ತಿರುಪತಿ ಇನ್ನೊಂದನ್ನು ಸೇರಿಸಿದ್ದ. "ತಾಸಿನಾಗ ಮುಟ್ಟು, ನಾಳಿಂದ ಕೆಲಸಕ್ಕ ಬಾ" ಎಂದು ಎಲ್ಲರೆದುರು ಹೇಳಿದ್ದ. ಎಲ್ಲರೂ ನಕ್ಕಿದ್ದರು.

ತಿರುಪತಿ ಕೂಲಿಯಾಳುಗಳ ಸೂಪರ್‌ವೈಸರ್. ಯಾರು ಗೇಟಿನ ಒಳಗೆ, ಯಾರು ಹೊರಗೆ ಎಂಬುದೆಲ್ಲ ಅವನ ಬಾಯಿಮಾತು. ಹೆಬ್ಬೆಟ್ಟು ಒತ್ತಿಸಿಕೊಂಡ ಹಾಜರಿ ಪುಸ್ತಕ ಸಂಜೆಯಾದರೆ ಅವನ ಬೈಕಿನ ಚೀಲ ಸೇರುತ್ತಿತ್ತು.

ಒಂದೂವರೆ ವರ್ಷದ ಹಿಂದೆ ಇದೇ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವಾಗ ಲಾರಿಯಿಂದ ಉರುಳಿದ ಡ್ರಮ್ಮು ದೇವಕಮ್ಮನ ಬಲಗಾಲನ್ನು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಒಳಗೊಂದು ಸರಳು ಹಾಕಿದರು. ಕಾರ್ಖಾನೆಯಿಂದ ಒಂದು ನರಪಿಳ್ಳೆಯೂ ಬಂದು ನೋಡಲಿಲ್ಲ. ಮಗಳು ಭಾಗ್ಯ ಅವಳನ್ನು ತವರೂರು ಹತ್ತಿಕುಣಿಗೆ ಕರೆದೊಯ್ದಳು. ಊರುಗೋಲು ಬಿಡಿಸಿ, ದಿನಾ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಸಿದಳು. "ಎವ್ವಾ, ಇವತ್ತ ಆ ಜಾಲಿಗಿಡದ ತನಕ." ಮರುವಾರ ಅದಕ್ಕೂ ಆಚೆಯ ಕಲ್ಲಿನ ತನಕ. ಹೀಗೆ ಹದಿನಾಲ್ಕು ತಿಂಗಳು. ಎಲುಬು ಕೂಡಿತು. ಎಲುಬಿಗಿಂತ ಗಟ್ಟಿಯಾಗಿ ಸಿಟ್ಟು ಕೂಡಿಕೊಂಡಿತು.

ಬೆಳಿಗ್ಗೆ ಪ್ರಮಾಣಪತ್ರಕ್ಕೆಂದು ಹೆಸರು ಬರೆಸುವಾಗ ಮೇಜಿನ ಹಿಂದೆ ಇದ್ದವಳು ಉಮೆಸಲ್ಮಾ, ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ.

"ಯಾವ ವಿಭಾಗ್ರಿ?"

"ಲೋಡಿಂಗ್."

"ಎಷ್ಟ್ ವರ್ಷ ಆತ್ರಿ?"

"ಆರು. ಸರಿಯಾಗಿ ಬರ್ಕೊಳವ್ವ. ಒಂದೂ ಕಮ್ಮಿ ಮಾಡಬ್ಯಾಡ."

ಹಿಂದೆ ನಿಂತಿದ್ದ ತಿರುಪತಿ, "ಬರ್ಕೋ, ಬರ್ಕೋ. ಕುಂಟಿ ಓಡಿದ್ರ ಫೋಟೋ ಚಂದ ಬರ್ತದ" ಎಂದ.

ದೇವಕಮ್ಮನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸಿಕ್ಕಿಸಿದ ಒಂದು ಕಾಗದವಿತ್ತು.

"ಡಾಕ್ಟರ್ ಚೀಟೇನ್ರಿ ಅದು?" ಎಂದು ಉಮೆಸಲ್ಮಾ ಕೇಳಿದಳು.

"ಇದನ್ನ ಮುಟ್ಟಿದ್ರ ಸಾಕವ್ವ, ಕಾಲ್ ತಾನ ಓಡ್ತಾವ."

ಗೇಟು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲು ಓಡುತ್ತಿರಲಿಲ್ಲ. ಸರಳಿನ ಉದ್ದಕ್ಕೂ ಕೆಂಡ ಹರಿದಂತಾಗುತ್ತಿತ್ತು. ಮುಂದೆ ರಸ್ತೆಯಲ್ಲಿ ಒಬ್ಬರೂ ಇಲ್ಲ. ಓಡಿದವರೆಲ್ಲ ಆಗಲೇ ಬಾಳೆಹಣ್ಣು ತಿಂದು ಮುಗಿಸಿದ್ದರು.

"ಇನ್ನ ನಾಕ ಮಿನಿಟು!" ತಿರುಪತಿ ಮೊಬೈಲನ್ನು ಅವಳ ಮುಖದೆದುರು ಹಿಡಿದ. "ಹತ್ತು ಗಾಡಿ, ಗೇಟಿನ ತನಕ ಬಿಡ್ತೀನಿ. ಯಾರಿಗೂ ಹೇಳಂಗಿಲ್ಲ!"

ದೇವಕಮ್ಮ ಸೊಂಟದ ಕಾಗದವನ್ನು ಮುಟ್ಟಿಕೊಂಡಳು. ಹಲ್ಲು ಕಚ್ಚಿದಳು. ಎಡಗಾಲು ಎತ್ತಿ ಹಾಕಿದಳು, ಬಲಗಾಲನ್ನು ಎಳೆದು ತಂದಳು. ಒಂದೊಂದು ಹೆಜ್ಜೆಗೂ ಮನಸ್ಸಿನಲ್ಲೇ ಒಂದೊಂದು ಬೈಗುಳ. ಬೈಗುಳ ಮುಗಿದವು, ಗೇಟು ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಐವತ್ತೊಂಬತ್ತನೇ ನಿಮಿಷಕ್ಕೆ ಅವಳ ಎದೆ ಗೇಟಿನ ಹಗ್ಗಕ್ಕೆ ತಾಗಿತು. ಯಾರೋ ಸೀಟಿ ಹೊಡೆದರು.

ಗೇಟಿನ ಪಕ್ಕದ ಮೇಜಿನಲ್ಲಿ ಮ್ಯಾನೇಜರ್ ಸಾಹೇಬರು ಒಂದು ಕಿವಿಗೆ ಫೋನು ಒತ್ತಿಕೊಂಡು, ಎದುರಿಗೆ ಇಟ್ಟದ್ದಕ್ಕೆಲ್ಲ ಸಹಿ ಹಾಕುತ್ತಿದ್ದರು. ಅದು ಅವರ ರೂಢಿ. ಉಮೆಸಲ್ಮಾ ದೇವಕಮ್ಮನ ಪ್ರಮಾಣಪತ್ರ ಇಟ್ಟಳು. ಸಹಿ ಬಿತ್ತು.

"ಸಿಕ್ಕಾ?" ದೇವಕಮ್ಮ ಏದುಸಿರಿನಲ್ಲೇ ಕೇಳಿದಳು. "ರಬ್ಬರ್ ಸಿಕ್ಕಾ ಹಾಕ್ರಿ ಸಾಹೇಬ್ರ."

"ಕಡೀಗಿ ಬಂದಾಕಿಗಿ ಸಿಕ್ಕಾ ಬ್ಯಾರೆ!" ತಿರುಪತಿ ಜನರ ಕಡೆ ತಿರುಗಿದ. "ಗ್ವಾಡಿಗಿ ಹಚ್ತಾಳೇನೋ. ಹಾಕವ್ವ, ಎರಡು ಹಾಕು!"

ಉಮೆಸಲ್ಮಾ ಹಾಕಿದಳು. ದೇವಕಮ್ಮ ಶಾಯಿ ಆರುವವರೆಗೆ ಊದಿದಳು.

"ನಾಳಿ ಎಷ್ಟಕ್ಕ ಬರ್ಲಿ?"

"ಕೆಲಸಕ್ಕ? ಏ, ಚ್ಯಾಷ್ಟಿ ಮಾಡಿದ್ನಿ ಬೇ! ಕುಂಟೀನ ಕಟ್ಕೊಂಡು ಡ್ರಮ್ ಹೊರಸ್ಲೇನು?"

ಈಗ ತಿರುಪತಿಯ ಕಪಾಳಕ್ಕೆ ಬೀಳುತ್ತದೆ ಎಂದು ಎಲ್ಲರೂ ಕಾದರು. ದೇವಕಮ್ಮ ಬಾಳೆಹಣ್ಣು ಸುಲಿದು ತಿಂದಳು. ಸಿಪ್ಪೆಯನ್ನು ತಿರುಪತಿಯ ಕೈಗಿಟ್ಟಳು.

"ಇಟ್ಕೋ ತಮ್ಮಾ. ನಿನ್ನ ಕೆಲಸ ಯಾರಿಗಿ ಬೇಕಾಗ್ಯದ?"

ಅಂದೇ ಮಧ್ಯಾಹ್ನ ತಾಯಿ ಮಗಳು ಯಾದಗಿರಿಯ ಕಾರ್ಮಿಕ ಅಧಿಕಾರಿಯ ಮೇಜಿನೆದುರು ನಿಂತರು. ದೇವಕಮ್ಮ ಪ್ರಮಾಣಪತ್ರ ಇಟ್ಟಳು: ಲೋಡಿಂಗ್ ವಿಭಾಗದಲ್ಲಿ ಆರು ವರ್ಷಗಳ ಸೇವೆ. ಅದರ ಪಕ್ಕದಲ್ಲಿ ಭಾಗ್ಯ ಅವ್ವನ ಸೊಂಟದ ಕಾಗದವನ್ನು ಬಿಡಿಸಿಟ್ಟಳು. ಎರಡರ ಕೆಳಗೂ ಅದೇ ಸಹಿ, ಅದೇ ಸಿಕ್ಕಾ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, ಕಾಲಿನ ಪರಿಹಾರದ ಅರ್ಜಿಗೆ ಮೂರು ತಿಂಗಳ ಹಿಂದೆ ಕಾರ್ಖಾನೆ ಕೊಟ್ಟಿದ್ದ ಆ ಉತ್ತರವನ್ನು ಗಟ್ಟಿಯಾಗಿ ಓದಿದರು:

"ದೇವಕಮ್ಮ ಎಂಬ ಹೆಸರಿನ ಹೆಂಗಸು ನಮ್ಮ ಕಾರ್ಖಾನೆಯಲ್ಲಿ ಒಂದೇ ಒಂದು ದಿನವೂ ಕೆಲಸ ಮಾಡಿಲ್ಲ."